ಪ್ರಾಯ ಸಂದವರಿಗೆ ಹೃದಯದ ಆಪರೇಶನ್: ಮಾಡಿಸಬೇಕೆ, ಬಿಡಬೇಕೆ?



ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಸೊರಗು ರೋಗ ಎಂದು ಈ ಅಂಕಣದಲ್ಲಿ ತೋಟದ ವಿಷಯವನ್ನೇ ಹೆಚ್ಚಾಗಿ ಬರೆಯುತ್ತೇವೆ. ಈ ಬಾರಿ ತೋಟ ಮಾಡಿದವರ ಎದೆಯ ವಿಷಯ.

ಮನೆ ಭೇಟಿಗೆ ಹೋದಾಗ ಈಗೀಗ ಪದೇ ಪದೇ ಕೇಳಿಬರುವ ಪ್ರಶ್ನೆಯೊಂದಿದೆ. "ಫಾದರ್, ಅಪ್ಪನಿಗೆ ಬೈಪಾಸ್ ಆಗಬೇಕೆಂದು ಮಂಗಳೂರಿನಲ್ಲಿ ಹೇಳಿದ್ದಾರೆ. ಪ್ರಾಯ ಎಪ್ಪತ್ತೆಂಟು. ಏನು ಮಾಡುವುದು?" ಕೇಳುವವರು ಮಕ್ಕಳು. ಅಪ್ಪ ಜಗಲಿಯ ಮೂಲೆಯಲ್ಲಿ ಕುಳಿತು, ಕೇಳಿಸದವರ ಹಾಗೆ ಹೊರಗೆ ನೋಡುತ್ತಿರುತ್ತಾರೆ. ಉತ್ತರವೂ ಹೆಚ್ಚಿನ ಮನೆಗಳಲ್ಲಿ ಮೊದಲೇ ತಯಾರಾಗಿರುತ್ತದೆ. ಒಂದು ಪಕ್ಷದವರು, "ಇಷ್ಟು ಪ್ರಾಯವಾದ ಮೇಲೆ ಎದೆ ಕೊಯ್ಯಿಸಿ ಯಾಕೆ ಕಷ್ಟ ಕೊಡುವುದು?" ಎನ್ನುತ್ತಾರೆ. ಇನ್ನೊಂದು ಪಕ್ಷ, ಹೆಚ್ಚಾಗಿ ಗಲ್ಫಿನಲ್ಲಿರುವ ಮಗ, "ಎಷ್ಟು ಲಕ್ಷವಾದರೂ ಆಗಲಿ, ಕೂಡಲೇ ಮಾಡಿಸಿ" ಎಂದು ಫೋನಿನಲ್ಲಿ ಹೇಳುತ್ತಾನೆ. ಎರಡೂ ಪ್ರೀತಿಯ ಮಾತುಗಳೇ. ಆದರೆ ರೋಗ ಯಾವುದು, ದೇಹದಲ್ಲಿ ಬಲ ಎಷ್ಟಿದೆ, ಹಿರಿಯರ ಮನಸ್ಸಿನಲ್ಲಿ ಏನಿದೆ ಎಂಬ ಮೂರು ವಿಷಯಗಳನ್ನು ಎರಡೂ ಪಕ್ಷದವರು ಕೇಳಿರುವುದಿಲ್ಲ.

ನಾನು ವೈದ್ಯನಲ್ಲ. ಆದರೂ ರೋಗಿಗಳ ಜತೆ, ಅವರ ಮನೆಯವರ ಜತೆ ಆಸ್ಪತ್ರೆಯ ವರಾಂಡದಲ್ಲಿ ಕುಳಿತ ಅನುಭವ ಇದೆ. ವೈದ್ಯಶಾಸ್ತ್ರದಲ್ಲಿ ಈ ವಿಷಯವಾಗಿ ನಡೆದ ದೊಡ್ಡ ಅಧ್ಯಯನಗಳನ್ನು ಓದಿದ್ದೇನೆ. ಅವುಗಳಿಂದ ನನಗೆ ತಿಳಿದುಬಂದದ್ದು ಇಷ್ಟು: ಪ್ರಾಯ ಒಂದನ್ನೇ ನೋಡಿ ತೀರ್ಮಾನ ಮಾಡುವುದು ತಪ್ಪು. ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ಬರೆದ ಪ್ರಾಯ ಒಂದು, ದೇಹದ ಪ್ರಾಯ ಇನ್ನೊಂದು. (ಆ ರಿಜಿಸ್ಟರ್ ನನ್ನ ಬಳಿಯೇ ಇರುವುದರಿಂದ, ಎಪ್ಪತ್ತೆಂದು ಹೇಳಿಕೊಳ್ಳುವ ಕೆಲವರು ಎಪ್ಪತ್ತೈದು ದಾಟಿದ್ದಾರೆಂಬುದು ನನಗೆ ಗೊತ್ತು!)

ಆಪರೇಶನ್ ಯಾವುದಕ್ಕೆ?

"ಹೃದಯದ ಆಪರೇಶನ್" ಎಂದು ನಾವು ಒಂದೇ ಹೆಸರಿನಲ್ಲಿ ಕರೆದರೂ ಹಿರಿಯರಲ್ಲಿ ಮುಖ್ಯವಾಗಿ ಎರಡು ಬೇರೆ ಬೇರೆ ಕಾಯಿಲೆಗಳಿಗೆ ಅದು ಬೇಕಾಗುತ್ತದೆ. ಮೊದಲನೆಯದು, ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ನಾಳಗಳಲ್ಲಿ ಕೊಬ್ಬು ಮತ್ತು ಸುಣ್ಣ ಕಟ್ಟಿ ದಾರಿ ಕಿರಿದಾಗುವುದು. ತೋಟದ ಡ್ರಿಪ್ ಪೈಪಿನಲ್ಲಿ ಕರೆ ಕಟ್ಟಿದಂತೆ ಎನ್ನಬಹುದು. ಕಾಲಿನಿಂದ ಅಥವಾ ಎದೆಯೊಳಗಿಂದ ಬೇರೆ ನಾಳ ತೆಗೆದು, ತಡೆಯಾದ ಜಾಗವನ್ನು ದಾಟಿಸಿ ಜೋಡಿಸುವುದೇ ಬೈಪಾಸ್. ಎರಡನೆಯದು, ಹೃದಯದಿಂದ ಇಡೀ ದೇಹಕ್ಕೆ ರಕ್ತ ಹೊರಡುವ ಬಾಗಿಲಿನ ಕವಾಟ, ಅಂದರೆ ಅಯೋರ್ಟಿಕ್ ವಾಲ್ವ್, ಪ್ರಾಯದೊಂದಿಗೆ ಗಟ್ಟಿಯಾಗಿ ಸರಿಯಾಗಿ ತೆರೆಯದಿರುವುದು. ಪಂಪಿನ ಫುಟ್‌ವಾಲ್ವ್ ಸಿಕ್ಕಿಕೊಂಡರೆ ಮೋಟರು ಎಷ್ಟು ಒದ್ದಾಡುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಈ ಎರಡು ಕಾಯಿಲೆಗಳ ವಿಷಯದಲ್ಲಿ ಬುದ್ಧಿವಾದ ಒಂದೇ ಅಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಹೃದಯವನ್ನು ನಿಲ್ಲಿಸಿ, ಯಂತ್ರದಿಂದ ರಕ್ತ ಓಡಿಸುತ್ತಾ ಆಪರೇಶನ್ ಮಾಡುವ ಕ್ರಮ ಅಮೆರಿಕದ ಡಾ. ಜಾನ್ ಗಿಬ್ಬನ್ ಅವರಿಂದ 1953ರಲ್ಲಿ ಸಾಧ್ಯವಾಯಿತು. ಇಂದಿನ ರೀತಿಯ ಬೈಪಾಸನ್ನು ಅರ್ಜೆಂಟೀನಾದ ಡಾ. ರೆನೆ ಫಾವಲೋರೊ 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಬಳಕೆಗೆ ತಂದರು. ನಮ್ಮ ದೇಶದಲ್ಲಿ 1975ರಲ್ಲಿ ಡಾ. ಕೆ. ಎಂ. ಚೆರಿಯನ್ ಅವರು ಮದ್ರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಇದನ್ನು ಮಾಡಿದರು. ಆ ಕಾಲದಲ್ಲಿ ಎಪ್ಪತ್ತು ದಾಟಿದವರನ್ನು ಮೇಜಿನ ಮೇಲೆ ಮಲಗಿಸಲು ವೈದ್ಯರೇ ಹಿಂಜರಿಯುತ್ತಿದ್ದರು. ಈಗ ಎಂಬತ್ತು ದಾಟಿದವರಿಗೂ ಮಾಡುತ್ತಾರೆ. ಹಾಗಾದರೆ ಅಪಾಯ ಎಷ್ಟು?

ಲೆಕ್ಕ ಏನು ಹೇಳುತ್ತದೆ?

ಅಮೆರಿಕದ 22 ಆಸ್ಪತ್ರೆಗಳಲ್ಲಿ ಹೃದಯದ ಆಪರೇಶನ್ ಆದ 67 ಸಾವಿರಕ್ಕೂ ಹೆಚ್ಚು ಮಂದಿಯ ಲೆಕ್ಕ 2000ನೇ ಇಸವಿಯಲ್ಲಿ ಪ್ರಕಟವಾಯಿತು. ಅವರಲ್ಲಿ 4,743 ಮಂದಿ ಎಂಬತ್ತು ದಾಟಿದವರು. ಬೈಪಾಸ್ ಮಾತ್ರ ಆದವರಲ್ಲಿ, ಎಂಬತ್ತರ ಒಳಗಿನವರು ನೂರರಲ್ಲಿ 3 ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರು. ಎಂಬತ್ತು ದಾಟಿದವರು ನೂರರಲ್ಲಿ 8 ಮಂದಿ. ಇಲ್ಲಿಗೆ ನಿಲ್ಲಿಸಿದರೆ ಪ್ರಾಯವೇ ಶತ್ರು ಎಂದಾಗುತ್ತದೆ. ಆದರೆ ಎಂಬತ್ತು ದಾಟಿದವರಲ್ಲೇ ಬೇರೆ ದೊಡ್ಡ ಕಾಯಿಲೆ ಇಲ್ಲದವರನ್ನು ಬೇರೆಯಾಗಿ ಲೆಕ್ಕ ಹಾಕಿದಾಗ ಆ 8 ಇಳಿದು ಸುಮಾರು 4ಕ್ಕೆ ಬಂತು. ಅಂದರೆ ಹೆಚ್ಚಿನ ಅಪಾಯದ ದೊಡ್ಡ ಪಾಲು ಪ್ರಾಯದ್ದಲ್ಲ, ಪ್ರಾಯದ ಜತೆ ಸೇರಿಕೊಂಡ ಇತರ ಕಾಯಿಲೆಗಳದ್ದು. ಬೈಪಾಸಿನೊಂದಿಗೆ ಮೈಟ್ರಲ್ ಎಂಬ ಇನ್ನೊಂದು ಕವಾಟವನ್ನೂ ಬದಲಾಯಿಸಬೇಕಾದ ಎಂಬತ್ತು ದಾಟಿದವರಲ್ಲಿ ಮಾತ್ರ ನೂರಕ್ಕೆ ಸುಮಾರು 20 ಮಂದಿ ಉಳಿಯಲಿಲ್ಲ. ಹಾಗಾಗಿ "ಹೃದಯದ ಆಪರೇಶನ್" ಎಂದು ಒಟ್ಟಾಗಿ ಹೇಳಿದರೆ ಸಾಲದು, ಯಾವುದು ಎಂದು ಕೇಳಬೇಕು.

ಇದು ಅಮೆರಿಕದ ಲೆಕ್ಕ, ಅದೂ ಕಳೆದ ಶತಮಾನದ ಕೊನೆಯ ವರ್ಷಗಳದ್ದು. ಆ ಬಳಿಕ ಫಲಿತಾಂಶ ಇನ್ನೂ ಸುಧಾರಿಸಿದೆ. ನಿಮ್ಮ ಆಸ್ಪತ್ರೆಯ ಲೆಕ್ಕವನ್ನು ನಿಮ್ಮ ಸರ್ಜನ್ ಅವರನ್ನೇ ಕೇಳಬಹುದು, ಕೇಳಬೇಕು. "ಡಾಕ್ಟರೇ, ನಮ್ಮ ಅಪ್ಪನಂಥವರು ನೂರು ಮಂದಿ ಇದ್ದರೆ ಎಷ್ಟು ಮಂದಿ ಮನೆಗೆ ನಡೆದು ಹೋಗುತ್ತಾರೆ?" ಎಂದು ಕೇಳುವುದರಲ್ಲಿ ಅಗೌರವ ಏನೂ ಇಲ್ಲ. ಕಿಡ್ನಿ, ಶ್ವಾಸಕೋಶ, ಸಕ್ಕರೆ ಕಾಯಿಲೆ, ಹೃದಯದ ಪಂಪು ಮಾಡುವ ಬಲ, ಮೊದಲೇ ಒಮ್ಮೆ ಆಪರೇಶನ್ ಆಗಿದೆಯೇ ಎಂಬುದನ್ನೆಲ್ಲ ಸೇರಿಸಿ ಅಪಾಯ ಲೆಕ್ಕ ಹಾಕುವ ಸೂತ್ರಗಳು ಅವರ ಬಳಿ ಇವೆ.

ಆ ಸೂತ್ರಗಳಲ್ಲಿ ಬಹಳ ಭಾರವಾದ ಅಂಶವೊಂದು, ಆಪರೇಶನ್ ಮೊದಲೇ ದಿನ ನಿಶ್ಚಯಿಸಿ ಮಾಡಿದ್ದೋ, ತುರ್ತಾಗಿ ಮಾಡಿದ್ದೋ ಎಂಬುದು. ನಮ್ಮಲ್ಲಿ "ಮಳೆಗಾಲ ಕಳೆಯಲಿ", "ಅಡಿಕೆ ಕೊಯಿಲು ಮುಗಿಯಲಿ", "ಮೊಮ್ಮಗಳ ಮದುವೆ ಆಗಲಿ" ಎಂದು ಮುಂದೂಡಿ, ಕೊನೆಗೆ ನಡುರಾತ್ರಿ ಜೀಪು ಕಟ್ಟಿಸಿಕೊಂಡು ಓಡುವ ಕ್ರಮ ಇದೆ. ನಮ್ಮ ಹಳ್ಳಿಗಳಿಂದ ಉತ್ತರಕ್ಕೆ ಮಂಗಳೂರು, ದಕ್ಷಿಣಕ್ಕೆ ಪರಿಯಾರಂ, ಎರಡೂ ದೂರವೇ. 2020ರಲ್ಲಿ ಕೊರೊನಾ ಕಾಲದಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ದೂರ ಎಷ್ಟೆಂದು ಕಾಸರಗೋಡಿನವರು ಕಂಡಿದ್ದಾರೆ. ಮಾಡಿಸುವುದೇ ಆದರೆ ಹಿರಿಯರು ನಡೆದಾಡುತ್ತಿರುವಾಗಲೇ ದಿನ ಗೊತ್ತುಮಾಡಿ ಮಾಡಿಸಿ.

ಅಂಗಳದಲ್ಲಿ ಒಂದು ಪರೀಕ್ಷೆ

ದೇಹದ ಬಲ ಅಳೆಯಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ಕೆನಡಾ ಮತ್ತು ಅಮೆರಿಕದ ವೈದ್ಯರು, ಹೃದಯದ ಆಪರೇಶನ್‌ಗೆ ಬಂದ ಎಪ್ಪತ್ತು ದಾಟಿದ 131 ಮಂದಿಯನ್ನು ಮೊದಲು ಐದು ಮೀಟರ್ ನಡೆಯಿಸಿ ನೋಡಿದರು. ತಮ್ಮ ಎಂದಿನ ನಡಿಗೆಯಲ್ಲಿ ಅಷ್ಟು ದೂರಕ್ಕೆ ಆರು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡವರಲ್ಲಿ ಸಾವು ಅಥವಾ ದೊಡ್ಡ ತೊಂದರೆಯ ಸಂಭವ ಉಳಿದವರಿಗಿಂತ ಸುಮಾರು ಮೂರು ಪಾಲು ಇತ್ತು. 2010ರಲ್ಲಿ ಈ ವರದಿ ಬಂತು. ಐದು ಮೀಟರ್ ಎಂದರೆ ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಒಂದು ಅಡಿಕೆ ಮರದಿಂದ ಹೆಚ್ಚುಕಡಿಮೆ ಮೂರನೆಯ ಮರದವರೆಗೆ.

ಇದನ್ನು ಓದಿ ಯಾರೂ ಅಪ್ಪನನ್ನು ಅಂಗಳದಲ್ಲಿ ನಡೆಯಿಸಿ, ವಾಚು ನೋಡಿ ತೀರ್ಪು ಕೊಡಬೇಡಿ. ಮಂಡಿ ನೋವಿದ್ದರೂ ನಡಿಗೆ ನಿಧಾನವಾಗುತ್ತದೆ. ಆದರೆ ಒಂದು ವರ್ಷದಲ್ಲಿ ತೂಕ ಇಳಿದಿದೆಯೇ, ಕುರ್ಚಿಯಿಂದ ಕೈ ಊರದೆ ಏಳುತ್ತಾರೆಯೇ, ಸ್ನಾನ ಬಟ್ಟೆ ತಾವೇ ನೋಡಿಕೊಳ್ಳುತ್ತಾರೆಯೇ, ಮರೆವು ಬಂದಿದೆಯೇ ಎಂಬುದು ಮನೆಯವರಿಗೆ ಗೊತ್ತಿರುವಷ್ಟು ವೈದ್ಯರಿಗೆ ಗೊತ್ತಿರುವುದಿಲ್ಲ. ಅದನ್ನು ಮುಚ್ಚಿಡದೆ ಹೇಳಿ. ಎಂಬತ್ತೆರಡರಲ್ಲಿ ಹಟ್ಟಿಗೆ ಹುಲ್ಲು ಹಾಕಿ ಬರುವ ಅಜ್ಜಿ, ಅರವತ್ತೆಂಟರಲ್ಲಿ ಮಂಚ ಹಿಡಿದವರಿಗಿಂತ ಈ ಆಪರೇಶನ್‌ಗೆ ಎಷ್ಟೋ ಉತ್ತಮ ರೋಗಿ.

ಕಾಯಬಹುದಾದ ರೋಗ, ಕಾಯಬಾರದ ರೋಗ

ರಕ್ತನಾಳ ಕಿರಿದಾದವರಲ್ಲಿ, ನಡೆದಾಗ ಎದೆ ಹಿಡಿದು ನಿಂತಾಗ ಬಿಡುವಂಥ, ತಿಂಗಳುಗಳಿಂದ ಒಂದೇ ರೀತಿ ಇರುವ ನೋವಿದ್ದರೆ, ಎಲ್ಲರಿಗೂ ಆಪರೇಶನ್ ಬೇಕೇಬೇಕೆಂದಿಲ್ಲ. ಸ್ವಿಟ್ಜರ್‌ಲ್ಯಾಂಡಿನಲ್ಲಿ ಎಪ್ಪತ್ತೈದು ದಾಟಿದ ಸುಮಾರು 300 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಔಷಧ ಮಾತ್ರ ಹೆಚ್ಚಿಸಿದರು. ಇನ್ನೊಂದು ಗುಂಪಿಗೆ ಆಂಜಿಯೋಗ್ರಾಮ್ ಮಾಡಿ ಅಗತ್ಯಕ್ಕೆ ತಕ್ಕಂತೆ ಬಲೂನ್ ಚಿಕಿತ್ಸೆ ಅಥವಾ ಬೈಪಾಸ್ ಮಾಡಿದರು. ಆರು ತಿಂಗಳಲ್ಲಿ ಎರಡನೆಯ ಗುಂಪಿನವರಿಗೆ ನೋವು ಕಡಿಮೆ ಇತ್ತು. ವರ್ಷ ಕಳೆಯುವಾಗ ಎರಡೂ ಗುಂಪು ಹೆಚ್ಚುಕಡಿಮೆ ಸಮ. ಆದರೆ ಔಷಧದ ಗುಂಪಿನಲ್ಲಿ ಅನೇಕರು ನಡುವೆ ನೋವು ತಡೆಯಲಾರದೆ ಆಸ್ಪತ್ರೆ ಸೇರಬೇಕಾಯಿತು. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಭಾರತವೂ ಸೇರಿ 37 ದೇಶಗಳ 5,179 ರೋಗಿಗಳಿದ್ದರು. ಇದು ಎಲ್ಲ ಪ್ರಾಯದವರದ್ದು. ಸುಮಾರು ಮೂರು ವರ್ಷಗಳಲ್ಲಿ ಸಾವಿನ ಲೆಕ್ಕದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ; ನೋವಿನ ಉಪಶಮನ ಮಾತ್ರ ಆಪರೇಶನ್ ಅಥವಾ ಸ್ಟೆಂಟ್ ಆದವರಿಗೆ ಹೆಚ್ಚು.

ಆದುದರಿಂದ ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆ: "ಇದು ಆಯುಸ್ಸು ಹೆಚ್ಚಿಸುವುದಕ್ಕೋ, ನೋವು ತಗ್ಗಿಸುವುದಕ್ಕೋ?" ಎಡಭಾಗದ ಮುಖ್ಯ ನಾಳದ ಬುಡದಲ್ಲೇ ತಡೆ ಇದ್ದರೆ ಅಥವಾ ಹೃದಯದ ಪಂಪು ಬಹಳ ಕುಗ್ಗಿದ್ದರೆ ಮಾತು ಬೇರೆ; ಅಂಥವರನ್ನು ಈ ಎರಡನೆಯ ಅಧ್ಯಯನಕ್ಕೆ ಸೇರಿಸಿಯೇ ಇರಲಿಲ್ಲ. ಕುಳಿತಲ್ಲೇ ನೋವು ಬರುವವರು, ಹೃದಯಾಘಾತ ಆಗುತ್ತಿರುವವರು ಕಾಯುವಂತೆಯೇ ಇಲ್ಲ.

ಕವಾಟ ಗಟ್ಟಿಯಾದ ರೋಗದಲ್ಲಿ ಮಾತ್ರ ನಮ್ಮ ಜನರ ತಾಳ್ಮೆಯೇ ಮೃತ್ಯುವಾಗುತ್ತದೆ. ಗುಡ್ಡ ಹತ್ತುವಾಗ ಏದುಸಿರು, ಎದೆ ನೋವು, ಕೆಲಸದ ನಡುವೆ ತಲೆ ತಿರುಗಿ ಬೀಳುವುದು, ಈ ಮೂರರಲ್ಲಿ ಒಂದು ಕಂಡರೂ ನಾವು "ಪ್ರಾಯವಾಯಿತಲ್ಲ" ಎನ್ನುತ್ತೇವೆ. ಚಿಕಿತ್ಸೆ ಮಾಡದಿದ್ದರೆ ಎದೆ ನೋವು ತೊಡಗಿದವರಿಗೆ ಸರಾಸರಿ ಐದು ವರ್ಷ, ಮೂರ್ಛೆ ಬಂದವರಿಗೆ ಮೂರು, ಏದುಸಿರಿನಿಂದ ಹೃದಯ ಸೋತವರಿಗೆ ಎರಡೇ ವರ್ಷ ಎಂದು 1968ರಲ್ಲೇ ವೈದ್ಯರು ಬರೆದಿಟ್ಟಿದ್ದಾರೆ. ಇದಕ್ಕೆ ಮಾತ್ರೆಯಿಂದ ಪರಿಹಾರ ಇಲ್ಲ. ಪತ್ತೆಹಚ್ಚಲು ಸ್ಟೆತಸ್ಕೋಪ್ ಮತ್ತು ಎಕೋ ಪರೀಕ್ಷೆ ಸಾಕು.

ಎದೆ ತೆರೆದು ಕವಾಟ ಬದಲಾಯಿಸುವುದು ಹಳೆಯ, ಗಟ್ಟಿ ಕ್ರಮ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ತಯಾರಾದ ಚಿತ್ರಾ ವಾಲ್ವನ್ನು 1990ರ ಡಿಸೆಂಬರಿನಲ್ಲಿ ಮೊದಲು ಜೋಡಿಸಿದರು. ಲೋಹದ ಕವಾಟ ಬಾಳಿಕೆ ಬರುತ್ತದೆ, ಆದರೆ ಜೀವನಪೂರ್ತಿ ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ಬೇಕು. ಅರವತ್ತೈದು ದಾಟಿದವರಿಗೆ ಹೆಚ್ಚಾಗಿ ದನ ಅಥವಾ ಹಂದಿಯ ಅಂಗಾಂಶದ ಕವಾಟ ಹಾಕುವುದು ಇದೇ ಕಾರಣಕ್ಕೆ. ಎದೆ ತೆರೆಯದೆ ತೊಡೆಯ ರಕ್ತನಾಳದ ಮೂಲಕ ಕವಾಟ ಕೂರಿಸುವ ಹೊಸ ಕ್ರಮವನ್ನು ಫ್ರಾನ್ಸಿನ ಡಾ. ಅಲೈನ್ ಕ್ರಿಬಿಯೆ 2002ರಲ್ಲಿ ಮೊದಲು ಮಾಡಿದರು. ಎದೆ ತೆರೆಯಲು ಸಾಧ್ಯವೇ ಇಲ್ಲವೆಂದು ಸರ್ಜನ್‌ಗಳು ಕೈಬಿಟ್ಟ, ಸರಾಸರಿ 83 ಪ್ರಾಯದ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ಹಿಂದಿನ ರೀತಿಯ ಚಿಕಿತ್ಸೆಯಲ್ಲೇ ಉಳಿದವರಲ್ಲಿ ವರ್ಷದೊಳಗೆ ನೂರಕ್ಕೆ 51 ಮಂದಿ ತೀರಿಕೊಂಡರೆ, ಹೊಸ ಕ್ರಮದವರಲ್ಲಿ 31 ಮಂದಿ. 2010ರ ಈ ಫಲಿತಾಂಶದ ಬಳಿಕ ಈ ಚಿಕಿತ್ಸೆ ಲೋಕವೆಲ್ಲ ಹರಡಿತು. ಆ 31ನ್ನೂ ಮರೆಯಬಾರದು. ಮೂಲತಃ ಬಹಳ ಕುಗ್ಗಿದ ದೇಹಕ್ಕೆ ಕವಾಟ ಒಂದು ಸರಿಯಾದರೆ ಸಾಲುವುದಿಲ್ಲ. ಖರ್ಚಂತೂ ನಮ್ಮಂಥ ಮನೆಗಳಿಗೆ ಭಾರೀ ಹೊರೆ.

ಮೊದಲೇ ತಿಳಿದಿರಬೇಕಾದ ತೊಂದರೆಗಳು

ಪ್ರಾಣ ಉಳಿದರೂ ಆಪರೇಶನ್ ಆದ ಹಿರಿಯರಲ್ಲಿ ನಾಲ್ವರಲ್ಲಿ ಒಬ್ಬರಿಗಾದರೂ ಮೊದಲ ಕೆಲವು ದಿನ ಬುದ್ಧಿ ಭ್ರಮಣೆಯಾದಂತಾಗುತ್ತದೆ. ಹೆಂಡತಿಯ ಗುರುತು ಸಿಗದು, ಟ್ಯೂಬು ಕಿತ್ತುಹಾಕುತ್ತಾರೆ, ತೀರಿಹೋದ ಅಣ್ಣನನ್ನು ಕರೆಯುತ್ತಾರೆ. ಮನೆಯವರು "ತಲೆ ಹೋಯಿತು" ಎಂದು ಅಳುವುದನ್ನು ನೋಡಿದ್ದೇನೆ. ಹೆಚ್ಚಿನವರಿಗೆ ಇದು ದಿನಗಳಲ್ಲಿ ಇಳಿಯುತ್ತದೆ. ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ ಇದ್ದರೆ ಬೇಗ ತಲುಪಿಸಿ. ಐ.ಸಿ.ಯು.ವಿನ ನರ್ಸುಗಳ ಮಾತು ಅಜ್ಜನಿಗೆ ಅರ್ಥವಾಗದಿರಬಹುದು. ಬಿಡುವ ಹೊತ್ತಿನಲ್ಲಿ ಮನೆಯವರೊಬ್ಬರು ಹೋಗಿ ಕೊಂಕಣಿಯೋ ತುಳುವೋ ಕನ್ನಡವೋ, ಮನೆಮಾತಿನಲ್ಲಿ ಹೆಸರು ಹಿಡಿದು ಮಾತಾಡಿಸಿದರೆ ಅದಕ್ಕಿಂತ ಒಳ್ಳೆಯ ಮದ್ದು ಕಡಿಮೆ.

ಸುಮಾರು ಮೂವರಲ್ಲಿ ಒಬ್ಬರಿಗೆ ಹೃದಯದ ಬಡಿತ ತಾಳ ತಪ್ಪುತ್ತದೆ. ಔಷಧದಿಂದ ಸಾಮಾನ್ಯವಾಗಿ ಸರಿಹೋಗುತ್ತದೆ. ಪಾರ್ಶ್ವವಾಯುವಿನ ಸಂಭವ ಕಡಿಮೆ, ಆದರೆ ಪ್ರಾಯದೊಂದಿಗೆ ಏರುತ್ತದೆ. ಹೃದಯ ನಿಲ್ಲಿಸದೆ ಮಾಡುವ ಬೈಪಾಸ್ ಪ್ರಾಯದವರಿಗೆ ಮೇಲು ಎಂದು ಕೆಲವರು ಹೇಳುವುದುಂಟು. ಎಪ್ಪತ್ತೈದು ದಾಟಿದ ಸುಮಾರು 2,500 ಮಂದಿಯಲ್ಲಿ ಜರ್ಮನಿಯಲ್ಲಿ ಹೋಲಿಸಿ ನೋಡಿದಾಗ, 2013ರ ವರದಿಯ ಪ್ರಕಾರ, ಗಣ್ಯ ವ್ಯತ್ಯಾಸ ಕಾಣಲಿಲ್ಲ. ಕ್ರಮಕ್ಕಿಂತ ಆ ಕ್ರಮದಲ್ಲಿ ಪಳಗಿದ ಕೈ ಮುಖ್ಯ.

ಹಿರಿಯರ ಮಾತು

ಇಷ್ಟೆಲ್ಲ ತಿಳಿದ ಮೇಲೆ ಹಿರಿಯರನ್ನೇ ಕೇಳಿ. ಅವರೆದುರಿಗೇ ಅವರ ವಿಷಯವನ್ನು ಬೇರೆಯವರ ಬಗ್ಗೆ ಮಾತಾಡಿದಂತೆ ಮಾತಾಡುವುದು ನನಗೆ ಸರಿಕಾಣುವುದಿಲ್ಲ. ಕೆಲವರಿಗೆ ಇನ್ನೂ ಹತ್ತು ವರ್ಷ ಬದುಕುವ ಆಸೆ ಇರುತ್ತದೆ, ಹೇಳಲು ನಾಚಿಕೆ. ಕೆಲವರಿಗೆ ಸಾಕಾಗಿರುತ್ತದೆ, ಹೇಳಲು ಹೆದರಿಕೆ. "ಆಪರೇಶನ್ ಬೇಡವೆಂದರೆ ಪಾಪವೇ?" ಎಂದು ಗುಟ್ಟಾಗಿ ಕೇಳುವವರಿದ್ದಾರೆ. ಪಾಪವಲ್ಲ. 1957ರ ನವೆಂಬರ್ 24ರಂದು ಪೋಪ್ 12ನೇ ಪಿಯುಸ್ ಅವರು ವೈದ್ಯರಿಗೆ ಕೊಟ್ಟ ಉಪನ್ಯಾಸದಲ್ಲಿ, ಜೀವ ಉಳಿಸಲು ಸಾಮಾನ್ಯ ಸಾಧನಗಳನ್ನು ಬಳಸುವುದು ಕರ್ತವ್ಯ, ತನಗೂ ಇತರರಿಗೂ ವಿಪರೀತ ಹೊರೆಯಾಗುವ ಸಾಧನಗಳು ಕಡ್ಡಾಯವಲ್ಲ ಎಂದು ಸ್ಪಷ್ಟಪಡಿಸಿದ್ದಾರೆ. ಒಬ್ಬರಿಗೆ ಹೊರೆಯಾದದ್ದು ಇನ್ನೊಬ್ಬರಿಗೆ ಹೊರೆಯಲ್ಲದಿರಬಹುದು, ಹೊತ್ತುಕೊಳ್ಳುವವರೇ ಹೇಳಬೇಕು. ಮತ್ತೊಂದು ಮಾತು: ಆಪರೇಶನ್‌ಗೆ ಮುಂಚೆ ರೋಗಿಗಳ ಅಭ್ಯಂಗ ಸಂಸ್ಕಾರ ಪಡೆಯಬಹುದು. ಪಾದ್ರಿ ಎಣ್ಣೆ ಹಿಡಿದು ಬಂದರೆ ಕತೆ ಮುಗಿಯಿತು ಎಂಬುದು ಹಳೆಯ ಹೆದರಿಕೆ.

ಆಪರೇಶನ್‌ಗೆ ಮೊದಲು, ಅನಂತರ

ಬೀಡಿ, ತಂಬಾಕು ಹಾಕಿದ ವೀಳ್ಯ ವಾರಗಳ ಮೊದಲೇ ನಿಲ್ಲಬೇಕು. ಅಡಿಕೆ ಬೆಳೆಯುವ ಊರಿನಲ್ಲಿ ಅಡಿಕೆ ಜಗಿಯಬೇಡಿ ಎನ್ನುವುದು ಕಷ್ಟದ ಕೆಲಸ, ಆದರೂ ಹೇಳುತ್ತೇನೆ. ಕವಾಟದ ಆಪರೇಶನ್‌ಗೆ ಮೊದಲು ಹುಳುಕು ಹಲ್ಲು ತೋರಿಸಿಕೊಳ್ಳಿ, ಬಾಯಿಯ ಸೋಂಕು ಹೊಸ ಕವಾಟಕ್ಕೆ ಹತ್ತುವುದುಂಟು. ರಕ್ತ ಕಡಿಮೆ ಇದ್ದರೆ, ಸಕ್ಕರೆ ಹೆಚ್ಚಿದ್ದರೆ ಮೊದಲೇ ಸರಿಪಡಿಸಿಕೊಳ್ಳಬೇಕು. ಮೂರು ಚೆಂಡಿನ ಉಸಿರಿನ ಉಪಕರಣ ಕೊಟ್ಟರೆ ಮಕ್ಕಳ ಆಟಿಕೆಯೆಂದು ಬದಿಗಿಡಬೇಡಿ. ಶ್ವಾಸಕೋಶಕ್ಕೆ ಕಫ ಕಟ್ಟದಿರಲು ಅದೇ ಆಧಾರ.

ಹಣದ ವಿಷಯ. ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಕಾರ್ಡ್ ಇದ್ದವರು, 2024ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ 70 ದಾಟಿದ ಎಲ್ಲರಿಗೆಂದು ಆರಂಭಿಸಿದ ಆಯುಷ್ಮಾನ್ ಯೋಜನೆಯನ್ನು ನಂಬಿದವರು, ಆ ಕಾರ್ಡ್ ಗಡಿಯಾಚೆಯ ಆ ಆಸ್ಪತ್ರೆಯಲ್ಲಿ, ಆ ಆಪರೇಶನ್‌ಗೇ ನಡೆಯುತ್ತದೆಯೇ ಎಂದು ಅಡ್ಮಿಟ್ ಆಗುವ ಮೊದಲೇ ಅಲ್ಲಿನ ಇನ್ಶೂರೆನ್ಸ್ ಕೌಂಟರಿನಲ್ಲಿ ವಿಚಾರಿಸಿ. ಕೇಳದೆ ಹೋಗಿ, ಅನಂತರ ತೋಟದ ಪಟ್ಟೆ ಅಡವಿಟ್ಟವರಿದ್ದಾರೆ.

ಎದೆಯ ಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಷ್ಟು ದಿನ ಹಾರೆ, ಪಿಕ್ಕಾಸು, ನೀರಿನ ಕೊಡ, ಅಡಿಕೆ ಹೆಡಿಗೆ, ದನದ ಹಗ್ಗ ಎಳೆಯುವುದು, ಬೈಕು, ಯಾವುದೂ ಬೇಡ. ಹಾಲು ಕರೆಯುವುದೂ ಬೇಡ. ಹಾಗೆಂದು ಮಂಚಕ್ಕೆ ಕಟ್ಟಿಹಾಕಬಾರದು. ಅಂಗಳದಲ್ಲಿ ದಿನಕ್ಕೆ ನಾಲ್ಕು ಸಲ, ಮತ್ತೆ ಗೇಟಿನವರೆಗೆ, ಮತ್ತೆ ತೋಟದ ಸಮತಟ್ಟಿನಲ್ಲಿ ನಡೆಯಿಸಿ. ಕೆಮ್ಮುವಾಗ ಎದೆಗೆ ದಿಂಬು ಒತ್ತಿಹಿಡಿಯಲಿ. ವಾರ್ಫರಿನ್ ತೆಗೆದುಕೊಳ್ಳುವವರು ಬಸಳೆ, ಹರಿವೆ ಬಿಡಬೇಕಾಗಿಲ್ಲ, ಆದರೆ ಒಂದು ವಾರ ರಾಶಿ, ಇನ್ನೊಂದು ವಾರ ಏನೂ ಇಲ್ಲ ಎಂದಾಗಬಾರದು. ರಕ್ತ ಪರೀಕ್ಷೆ ತಪ್ಪಿಸಬಾರದು, ಕಷಾಯ ಅಥವಾ ನೋವಿನ ಮಾತ್ರೆಯನ್ನು ವೈದ್ಯರಿಗೆ ಹೇಳದೆ ಸೇರಿಸಬಾರದು. ಗಾಯದಿಂದ ಕೀವು ಅಥವಾ ನೀರು ಒಸರಿದರೆ, ಜ್ವರ ಬಂದರೆ, ಮಗ್ಗುಲಾದಾಗ ಎದೆ ಮೂಳೆ ಟಕ್ ಎಂದರೆ, ಕಾಲು ಊದಿ ಎರಡು ಮೂರು ದಿನಗಳಲ್ಲಿ ಎರಡು ಕಿಲೋ ತೂಕ ಏರಿದರೆ, ಮಾತು ತೊದಲಿದರೆ, ಮುಂದಿನ ಚೆಕಪ್ ದಿನಕ್ಕೆ ಕಾಯದೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ.